ಕಾರಿನಿಂದ ಹೊರಬರದ ಸ್ಕಾ

ಸಂಗೀತದ ವಿಷಯದಲ್ಲಿ ಜಂಬ ಪಡಲು ನನಗೆ ಯಾವ ಅರ್ಹತೆಯೂ ಇಲ್ಲ. ಆದರೂ ಪಡುತ್ತೇನೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನಲ್ಲಿ ಎರಡು ವರ್ಷ ನನಗೆ ಸರಳೆ ಹೇಳಿಕೊಟ್ಟು ದಣಿದ ಮೇಷ್ಟ್ರು, "ನೀನು ಲೆಕ್ಕ ಚೆನ್ನಾಗಿ ಮಾಡ್ತೀಯಂತಲ್ಲಪ್ಪಾ, ಅದನ್ನೇ ಗಟ್ಟಿಯಾಗಿ ಹಿಡ್ಕೋ" ಎಂದು ಆಶೀರ್ವದಿಸಿ ಕಳಿಸಿದ್ದರು. ನಾನು ಇಂಜಿನಿಯರ್ ಆದದ್ದು ಹಾಗೆ.

ಹ್ಯೂಸ್ಟನ್ನಿನಲ್ಲಿ ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಇಂಗ್ಲೆಂಡಿನವನಿದ್ದ. ನಾನು ಉತ್ತರದ ಪ್ಲೇನೋ ಊರಿಗೆ ಶಿಫ್ಟ್ ಆಗುವ ದಿನ, ತನ್ನ ಊರಿನ ಸ್ಕಾ ಬ್ಯಾಂಡೊಂದರ ‘ಗ್ರೇಟೆಸ್ಟ್ ಹಿಟ್ಸ್’ ಸಿ.ಡಿ.ಯನ್ನು ನನ್ನ ಕೈಗಿಟ್ಟು ಕಣ್ಣು ಒದ್ದೆ ಮಾಡಿಕೊಂಡ. ಸ್ಕಾ ಎಂದರೆ ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಕುಣಿತದ ಸಂಗೀತ. ನಾವು ನೀವು ಚಪ್ಪಾಳೆ ತಟ್ಟುವ ಕಡೆ ಗಿಟಾರ್ ಸುಮ್ಮನಿದ್ದು, ಎರಡು ಚಪ್ಪಾಳೆಯ ನಡುವೆ ‘ಚಕ್’ ಎನ್ನುತ್ತದೆ. ಮೇಲಿಂದ ಟ್ರಂಪೆಟ್ಟು, ಟ್ರಾಂಬೋನುಗಳೆಂಬ ಹಿತ್ತಾಳೆ ತುತ್ತೂರಿಗಳ ಮೆರವಣಿಗೆ. ಸ್ನೇಹದ ಗುರುತೆಂದು ಸಿ.ಡಿ.ಯನ್ನು ಕಾರಿಗೆ ಹಾಕಿದೆ. ಅದು ಮತ್ತೆ ಹೊರಗೆ ಬರಲಿಲ್ಲ. ನಾನು ಬೆಣ್ಣೆ ಚಾಕು ಹಾಕಿ ಎಬ್ಬಿಸಲು ನೋಡಿದ ಮೇಲೆ ರೇಡಿಯೋ ಕೂಡ ಸತ್ತುಹೋಗಿ, ಆ ಸಿ.ಡಿ. ಮಾತ್ರ ಹಾಡುತ್ತ ಉಳಿಯಿತು. ಧಾರವಾಡದವಳಾದ ನನ್ನ ಹೆಂಡತಿ ಸುಧಾ, "ರೀ, ಮದುವಿ ಬ್ಯಾಂಡಿನವರಿಗೆಲ್ಲಾ ಒಮ್ಮೆಲೆ ಬಿಕ್ಕಳಿಕಿ ಬಂದಂಗ ಅದರೀ ಇದು" ಎಂದಳು.

ಆ ಬಿಕ್ಕಳಿಕೆಯಲ್ಲೇ ನಮ್ಮ ಅನಘಾ ಬೆಳೆದಳು. ಡೇಕೇರ್, ಈಜು, ದಂತವೈದ್ಯರು, ಎಲ್ಲಿಗೆ ಹೋದರೂ ಅದೇ ಹದಿನಾರು ಹಾಡು. ಆರನೇ ತರಗತಿಯಲ್ಲಿ ಶಾಲೆಯ ಬ್ಯಾಂಡಿಗೆ ವಾದ್ಯ ಆರಿಸಿಕೊಳ್ಳಿ ಎಂದಾಗ ಸುಧಾ ಕೊಳಲಿನ ಕನಸು ಕಂಡಿದ್ದಳು. ಮಗಳು ತನಗಿಂತ ಉದ್ದದ ಟ್ರಾಂಬೋನ್ ಎಳೆದುಕೊಂಡು ಬಂದಳು. "ಅಪ್ಪಾ, ಐ ಆಲ್ರೆಡಿ ನೋ ಆಲ್ ದ ಪಾರ್ಟ್ಸ್!" ಮೊದಲ ವರ್ಷ ಮನೆಯಲ್ಲಿ ಆನೆಗೆ ಹೊಟ್ಟೆನೋವು ಬಂದಂತಿತ್ತು. ಎರಡನೇ ವರ್ಷ ಆನೆ ಸುಧಾರಿಸಿಕೊಂಡಿತು. ಮೂರನೇ ವರ್ಷ ಅದು ಹಾಡತೊಡಗಿತು.

ಈ ಸಲದ ಯುಗಾದಿಗೆ ಆಸ್ಟಿನ್ನಿನ ಕನ್ನಡಿಗರ ಕಾರ್ಯಕ್ರಮಕ್ಕೆ ಅವಳ ಹೆಸರು ಕೊಟ್ಟೆವು. ಏರ್ಪಾಟು ನೋಡಿಕೊಳ್ಳುತ್ತಿದ್ದವರು ಅಲ್ಲೇ ಪಕ್ಕದ ಲಿಯಾಂಡರ್ ಊರಿನ ಶ್ಯಾಮಲಾ ಆಂಟಿ. "ಟ್ರಾಂಬೋನಾ? ಭರತನಾಟ್ಯದ ಮಧ್ಯೆನಾ? ಐದೇ ನಿಮಿಷ, ಅಷ್ಟೇ" ಎಂದು ಫೋನಿನಲ್ಲಿ ನಿಟ್ಟುಸಿರಿಟ್ಟರು. ಧಾರವಾಡದಿಂದ ಬಂದಿದ್ದ ನನ್ನ ಅತ್ತೆಯನ್ನೂ ಕರೆದುಕೊಂಡು ಹೊರಟೆವು. ದಾರಿಯುದ್ದಕ್ಕೂ ಸ್ಕಾ. ಅರ್ಧ ದಾರಿಯ ವೇಕೋ ಊರು ದಾಟುವವರೆಗೆ ಸಹಿಸಿಕೊಂಡ ಅತ್ತೆ ಕೊನೆಗೆ, "ಅಳಿಯಂದಿರ, ಇವರು ಯಾವಾಗ ಮುಗಸ್ತಾರ್ರೀ?" ಎಂದರು. ನಾನು ಕನ್ನಡಿಯಲ್ಲಿ ಮಗಳ ಮುಖ ನೋಡಿದೆ. ಯಾಕೆಂದರೆ ಅನಘಾ ಅಜ್ಜಿಗೆ ಗೊತ್ತಾಗದಂತೆ ತಯಾರಿ ನಡೆಸಿದ್ದು ಅತ್ತೆಯೇ ಕಟ್ಟಿ, ಅವಳ ನಾಮಕರಣದಲ್ಲಿ ಹಾಡಿದ್ದ ತೊಟ್ಟಿಲ ಹಾಡನ್ನು. ಅದೂ ಸ್ಕಾ ತಾಳದಲ್ಲಿ.

ವೇದಿಕೆಯ ಮೇಲೆ ಅವಳು, ಗಿಟಾರ್ ಮತ್ತು ಡ್ರಮ್ ಹಿಡಿದ ಇಬ್ಬರು ಗೆಳತಿಯರು. ಮೊದಲ ಸಾಲಿಗೇ ಅತ್ತೆ ತಲೆಯೆತ್ತಿದರು. ಎರಡನೆಯದಕ್ಕೆ ಸುಧಾಳ ಕೈ ಹಿಡಿದುಕೊಂಡರು. ಮೂರನೆಯದಕ್ಕೆ ಕುರ್ಚಿಯಿಂದ ಎದ್ದೇಬಿಟ್ಟರು. ಹೊರಟರು ಎಂದುಕೊಂಡೆ. ಅತ್ತೆ ನಿಂತಲ್ಲೇ, ಗಿಟಾರು ‘ಚಕ್’ ಎನ್ನುವ ಜಾಗಕ್ಕೇ ಸರಿಯಾಗಿ ಚಪ್ಪಾಳೆ ತಟ್ಟುತ್ತ ಹಾಡತೊಡಗಿದರು! ಸಭೆಯೂ ಎದ್ದಿತು. ಮುಗಿದಾಗ "ಇನ್ನೊಮ್ಮೆ ಊದವ್ವಾ, ನನ್ನ ಬಂಗಾರ!" ಎಂದು ಅವರು ಕೂಗಿದ್ದು ಹಿಂದಿನ ಸಾಲಿನವರೆಗೂ ಕೇಳಿತು. ಐದು ನಿಮಿಷ ಹನ್ನೆರಡಾಯಿತು. ಶ್ಯಾಮಲಾ ಆಂಟಿ ಗಡಿಯಾರ ನೋಡುವುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾರ ಹತ್ರ ಕಲಿತೆ ಪುಟ್ಟಾ?" ಎಂದು ಅವರು ಕೇಳಿದಾಗ ನಾನು ಕಾಲರ್ ಸರಿಪಡಿಸಿಕೊಂಡೆ. "ಸ್ಕೂಲ್ ಬ್ಯಾಂಡ್, ಅಜ್ಜಿ, ಅಂಡ್ ಅಪ್ಪಾಸ್ ಕಾರ್" ಎಂದಳು ಮಗಳು. ಅಪ್ಪನಲ್ಲ, ಅಪ್ಪನ ಕಾರು. ಇರಲಿ, ಕಾರಂತೂ ನನ್ನ ಹೆಸರಿನಲ್ಲೇ ಇದೆ.

ಹೆಮ್ಮೆ ತಡೆಯಲಾರದೆ ಟ್ರಾಂಬೋನನ್ನು ನಾನೇ ಎತ್ತಿ ಹಿಡಿದು ಎಲ್ಲರೊಡನೆ ಫೋಟೋ ತೆಗೆಸಿಕೊಂಡೆ. ಅದನ್ನು ದೊಡ್ಡದು ಮಾಡಿಸಿ ಮನೆಯ ಹಾಲ್‌ನ ಗೋಡೆಗೆ ತೂಗುಹಾಕಿದ ಮೇಲೆಯೇ ಅನಘಾ ಹೇಳಿದ್ದು, ನಾನು ಟ್ರಾಂಬೋನನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು. ತೆಗೆಯಲು ಮನಸ್ಸು ಬರುತ್ತಿಲ್ಲ. ಅವಳ ಬ್ಯಾಂಡಿನ ಗೆಳತಿಯರು ಮನೆಗೆ ಬಂದಾಗ ಮಾತ್ರ ಫೋಟೋಗೆ ಅಡ್ಡವಾಗಿ ಆ ಗೋಡೆಗೆ ಒರಗಿ ನಿಂತು, ಅವರು ಹೋಗುವವರೆಗೂ ಹವಾಮಾನದ ಬಗ್ಗೆ ಮಾತಾಡುತ್ತೇನೆ.