ಮೀನು ತಿಂದು ತಲೆ ಮಾತ್ರ ಉಳಿದವರಿಗೆ

ಕೊಚ್ಚಿ,
ಸೆಪ್ಟೆಂಬರ್ 2006

ಮಾನ್ಯರೇ,

ತಿರುವನಂತಪುರದ ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವಿರಾಜಮಾನರಾಗಿರುವ, ಮೀನು ತಿನ್ನುವ ಡೈನೋಸಾರ್‌ಗಳ ಕುಲತಿಲಕರೂ ಸದ್ಯಕ್ಕೆ ಕೇವಲ ತಲೆಬುರುಡೆಯೂ ಆದ ಶ್ರೀಮಾನ್ ಬ್ಯಾರಿಯೋನಿಕ್ಸ್ ಅವರ ಸನ್ನಿಧಿಗೆ, ಕಾಸರಗೋಡಿನಿಂದ ಬಂದು ಇಲ್ಲಿನ ಕೇಂದ್ರ ಸರಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ ಫೈಲು ಮಗುಚುತ್ತಿರುವ ಉದಯಶಂಕರನ ನಮಸ್ಕಾರಗಳು. ಪಾದಗಳಿಗೆ ಎಂದು ಬರೆಯಹೊರಟಿದ್ದೆ; ತಮಗೆ ಅವು ಇಲ್ಲದ್ದು ನೆನಪಾಗಿ ಮೂಗಿನ ತುದಿಗೇ ಸಲ್ಲಿಸುತ್ತಿದ್ದೇನೆ.

ಓಣಂ ರಜೆಯಲ್ಲಿ ಸಂಸಾರ ಸಮೇತ ತಮ್ಮ ದರ್ಶನವಾಯಿತು. ಮೊಸಳೆಗೂ ನಾಚಿಕೆ ತರಿಸುವ ಆ ಉದ್ದನೆಯ ಮೂತಿ, ಎಂಥ ಮೀನೂ ಜಾರಿಹೋಗದ ಆ ಹಲ್ಲಿನ ಸಾಲು! ಫಲಕದಲ್ಲಿ ತಮ್ಮ ಹೆಸರಿನ ಮೊದಲಿಗೇ ‘ಬ್ಯಾರಿ’ ಎಂದಿರುವುದನ್ನು ಓದಿ, ಇವರು ನಮ್ಮ ಕರಾವಳಿಯವರೇ ಇರಬೇಕೆಂದು ಒಂದು ಕ್ಷಣ ಅಭಿಮಾನವನ್ನೂ ಪಟ್ಟೆ. ನನ್ನ ಹೆಂಡತಿ ಚಂದ್ರಾವತಿಯಂತೂ ಕರಗಿಹೋಗಿ, “ಪಾಪ, ಬರೀ ತಲೆ ಮಾತ್ರ ಉಂಟು” ಎಂದಳು. ನಮ್ಮ ಗ್ರಹಚಾರ ಕೆಟ್ಟದ್ದು ಈ ಒಂದು ಮಾತಿನಿಂದ.

ನಮ್ಮ ಏಳು ವರ್ಷದ ಮಗಳು ಸಮೀಕ್ಷಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಆ ಭಾಷೆಯಲ್ಲಿ ಎಲ್ಲವೂ ಅಚ್ಚುಕಟ್ಟು: ಕನಿಕರ ಬಂದರೆ ‘ಪಾವಂ’, ನರಕಕ್ಕೆ ಒಯ್ಯುವಂಥದ್ದಾದರೆ ‘ಪಾಪಂ’. ಕನ್ನಡಿಗರಾದ ನಾವು ಮಿತವ್ಯಯಿಗಳು, ಎರಡಕ್ಕೂ ಸೇರಿಸಿ ಒಂದೇ ‘ಪಾಪ’ ಇಟ್ಟುಕೊಂಡಿದ್ದೇವೆ. ಮೀನು ತಿಂದರೆ ಪಾಪ ಎಂದು ಕುಂಬಳೆಯ ಅಜ್ಜಿ ಮೊದಲೇ ಉಪದೇಶ ಮಾಡಿದ್ದರು. ಮಗು ಅಜ್ಜಿಯ ಪಾಪಕ್ಕೆ ಅಮ್ಮನ ಪಾಪವನ್ನು ಕೂಡಿಸಿ, ಮೀನು ತಿಂದವರ ಮೈಯೆಲ್ಲ ಉದುರಿ ತಲೆ ಮಾತ್ರ ಉಳಿಯುತ್ತದೆಂದು ತೀರ್ಮಾನಿಸಿತು. ಸಾಕ್ಷಿಯಾಗಿ ತಾವೇ ಎದುರಿಗಿದ್ದಿರಿ.

ಈಗ ಫಿಲೋಮಿನಾ ಚೇಚಿಯ, ಅಂದರೆ ಫಿಲೋಮಿನಾ ಅಕ್ಕನ, ವಿಷಯ. ಅವರು ಕೆಳಮನೆಯ ಒಡತಿ, ನಾವು ಮಹಡಿಯ ಬಾಡಿಗೆಯವರು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕೆಲಸದಿಂದ ಮರಳುವವರೆಗೆ ಮಗಳನ್ನು ನೋಡಿಕೊಳ್ಳುತ್ತಿದ್ದವರು, ಮೀನು ಸೋಕದ ಬಾಣಲೆಯನ್ನು ಬೇರೆಯೇ ಇಟ್ಟು ಅವಳಿಗೆಂದು ಬಾಳೆಹಣ್ಣಿನ ಪಳಂಪೊರಿ ಕರಿಯುತ್ತಿದ್ದವರು ಅವರು. ನಾವು ಕೊಚ್ಚಿಗೆ ಮರಳಿದ ದಿನ, ಅಂಬಲಮುಗಳ್ ರಿಫೈನರಿಯಿಂದ ಬಂದು ಊಟಕ್ಕೆ ಕೂತಿದ್ದ ಅವರ ಯಜಮಾನರ ತಟ್ಟೆಗೆ ಬೆರಳು ತೋರಿಸಿ ನಮ್ಮ ಧರ್ಮಾಧಿಕಾರಿ, “ಮೀನ್ ತಿನ್ನಾಲ್ ಪಾಪಮಾ ಆಂಟೀ, ತಲ ಮಾತ್ರೇ ಬಾಕಿ ಕಾಣೂ” ಎಂದು ತೀರ್ಪು ಕೊಟ್ಟಿತು. ಯಜಮಾನರು ಅರ್ಧ ಊಟಕ್ಕೆ ಎದ್ದರಂತೆ. ಇಂಥ ಮಾತು ಮಕ್ಕಳಿಗೆ ತಾನಾಗಿ ಬರುವುದಿಲ್ಲ, ಮಹಡಿಯಿಂದಲೇ ಇಳಿದಿರಬೇಕೆಂದು ಚೇಚಿ ತಿಳಿದರು. ಅಂದಿನಿಂದ ಅವರ ಬಾಗಿಲು ಮುಚ್ಚಿದೆ. ತಿರುವನಂತಪುರದ ಚಾಲೈ ಬಜಾರಿನಿಂದ ಅವರಿಗೆಂದು ತಂದ ಹಲ್ವ ನಮ್ಮ ಮೆಟ್ಟಿಲ ಮೇಲೆಯೇ ವಾಪಸು ಕೂತಿತ್ತು. ಆ ಬೇರೆ ಬಾಣಲೆ ನೆನಪಾಗಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದಕಾರಣ, ಮಹಾನುಭಾವರೇ, ತಾವು ದಯಮಾಡಿ ಒಮ್ಮೆ ಕೊಚ್ಚಿಗೆ ಬಂದು, ತಮ್ಮ ಮೈ ಹೋದದ್ದು ಕಾಲವಶದಿಂದಲೇ ಹೊರತು ಮೀನಿನ ದೆಸೆಯಿಂದಲ್ಲ ಎಂದು ಚೇಚಿಯ ಅಡುಗೆಮನೆಯಲ್ಲಿ ಸ್ವಂತ ಬಾಯಿಂದ ಹೇಳಬೇಕು. ಇಷ್ಟು ದೊಡ್ಡ ಬಾಯಿ ಇನ್ನು ಯಾವ ಉಪಯೋಗಕ್ಕೆ? ಮೈ ಇಲ್ಲದವರಿಗೆ ರೈಲಿನಲ್ಲಿ ಅರ್ಧ ಟಿಕೆಟು ಸಾಕೆಂದು ವಾದಿಸುವ ಹೊಣೆ ನನ್ನದು. ಪ್ರಯಾಣ ಕಷ್ಟವೆನಿಸಿದರೆ ಬರುವ ಭಾನುವಾರದೊಳಗೆ ಕುತ್ತಿಗೆಯಿಂದ ಬಾಲದವರೆಗೆ ಮೈ ಬೆಳೆಸಿಕೊಂಡು ಮಗಳಿಗೆ ತೋರಿಸಿದರೂ ಆದೀತು.

ಮೈಯೂ ಜೊತೆಗಿರುವಾಗಲೇ ತಲೆಬಾಗುವ,
ತಮ್ಮ ವಿಶ್ವಾಸಿ,
ಉದಯಶಂಕರ

ಪುನಶ್ಚ: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಪ್ರಯಾಣ ತಪ್ಪಿತು. ಕರಿಮೀನು ಹುರಿಯುವ ವಾಸನೆಗೆ ತಡೆಯಲಾರದೆ ಮಗಳು ತಾನೇ ಕೆಳಗಿಳಿದು, ತಲೆ ಮಾತ್ರ ಉಳಿದರೂ ಅಡ್ಡಿಯಿಲ್ಲ, ನನಗೂ ಒಂದು ತುಂಡು ಕೊಡಿ ಎಂದಳಂತೆ. ಚೇಚಿ ನಕ್ಕ ನಗು ಮಹಡಿಗೂ ಕೇಳಿಸಿತು. ಕೊಡಬಹುದೇ ಎಂದು ಅವರು ಮೆಟ್ಟಿಲ ಕೆಳಗಿಂದ ಕೂಗಿ ಕೇಳಿದಾಗ, ಬೇಡವೆನ್ನಲು ಇಳಿದುಹೋದ ಚಂದ್ರಾವತಿ ಬಹಳ ಹೊತ್ತು ಬಿಟ್ಟು ಬಾಯಿ ಒರೆಸಿಕೊಳ್ಳುತ್ತ ಹತ್ತಿ ಬಂದಳು. ತಾವು ಅಸಲು ಬುರುಡೆಯೇ ಅಲ್ಲ, ಬರೀ ಪ್ಲಾಸ್ಟರಿನ ಅಚ್ಚು ಎಂದು ಫಲಕದ ಕೊನೆಯ ಸಾಲಿನಲ್ಲಿತ್ತೆಂದೂ ಈಗ ಹೇಳುತ್ತಾಳೆ. ಅಲ್ಲಿಗೆ, ಈ ಇಡೀ ಪ್ರಕರಣದಲ್ಲಿ ಮೀನಿನ ರುಚಿ ಕಾಣದೆ ಉಳಿದವರು ತಾವು ಮತ್ತು ನಾನು, ಇಬ್ಬರೇ. ಪಾಪ!