ಅಮಾವಾಸ್ಯೆಯ ಭರತ, ಭಾವನ ಗಾಳ

ಸುಳ್ಳು ಹೇಳುವುದು ಕಷ್ಟವಲ್ಲ. ಹೇಳಿದ್ದನ್ನು ವರ್ಷಗಟ್ಟಲೆ ಸಾಕಿಕೊಂಡು ಬರುವುದಿದೆಯಲ್ಲ, ಅದು ಕಷ್ಟ. ಹೊಲಿಗೆ ಮಿಷನ್ನಿಗೆ ವಾರಕ್ಕೊಮ್ಮೆ ಎಣ್ಣೆ ಬಿಟ್ಟರೆ ಸಾಕು, ಸುಳ್ಳಿಗೆ ದಿನಾ ಬಿಡಬೇಕು. ನಾನು ಜೀವನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ, ಅದೂ ಪೂರ್ತಿ ಸುಳ್ಳಲ್ಲ. ಎರಡು ವರ್ಷ ಕಡಲಲ್ಲಿ ದುಡಿದೆ ಅಂದಿದ್ದೆ. ಕಡಲ ದಂಡೆಯಲ್ಲಿ ಅನ್ನಬೇಕಿತ್ತು. ದಂಡೆಯೊಂದನ್ನು ಬಿಟ್ಟ ತಪ್ಪಿಗೆ ಹನ್ನೆರಡು ವರ್ಷ ರಾಯದುರ್ಗದಲ್ಲಿ ಕಡಲ ಪಂಡಿತನಾಗಿ ಬಾಳಿದೆ. ಬಸ್ಸಿನಲ್ಲಿ ಇಡೀ ದಿನ ಕೂತರೂ ಸಮುದ್ರ ಸಿಗದ ಈ ಊರಿನಲ್ಲಿ ಆ ಪಾಂಡಿತ್ಯಕ್ಕೆ ಎದುರಾಳಿಯೂ ಇರಲಿಲ್ಲ ಅನ್ನಿ.

ನಾನು ಮಡಕಶಿರದ ಕಡೆಯವನು. ಗಾರ್ಮೆಂಟ್ಸಿಗೆ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ, ನಾನು ಮೇಸ್ತ್ರಿಯೊಬ್ಬನ ಮಾತು ಕೇಳಿ ಕುಂದಾಪುರದ ಆಚೆಯ ಒಂದು ಸಣ್ಣ ಬಂದರಿಗೆ ಹೋದೆ. ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ದೋಣಿ ಬರುವ ಹೊತ್ತಿಗೆ ಐಸ್ ಗಡ್ಡೆ ಒಡೆದು ಪುಡಿ ಮಾಡಿ, ಬುಟ್ಟಿಯಲ್ಲಿ ಹೊತ್ತು, ದಂಡೆಯಿಂದ ದೋಣಿಗೆ ಹಾಕಿದ ಹಲಗೆಯ ಈ ತುದಿಯವರೆಗೆ ಒಯ್ಯಬೇಕು. ಆ ತುದಿಯವರೆಗೆ ನಾನು ಒಮ್ಮೆಯೂ ಹೋಗಲಿಲ್ಲ. ಈಜು ಬಾರದು, ನೀರೆಂದರೆ ಭಯ. ಊರಿನ ಬಾವಿಯನ್ನೇ ದೂರ ನಿಂತು ನೋಡುತ್ತಿದ್ದವನು ನಾನು. ಆದರೆ ಒಂದು ವಿದ್ಯೆ ಮಾತ್ರ ಖರೆಯಾಗಿ ಕಲಿತೆ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ನೀರು ತುಂಬದೆ ದೊಡ್ಡ ದೋಣಿ ಒಳಗೆ ಬರುವಂತಿಲ್ಲ. ನೀರು ಏರುವುದಕ್ಕೆ ಅಲ್ಲಿ ಭರತ ಅನ್ನುತ್ತಾರೆ, ಇಳಿಯುವುದಕ್ಕೆ ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಭರತ ತುಂಬುತ್ತದೆ. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡ. ಇದನ್ನು ನನಗೆ ಯಾರೂ ಪಾಠ ಮಾಡಲಿಲ್ಲ. ಯಾವ ತಿಥಿಗೆ ಎಷ್ಟು ಹೊತ್ತಿಗೆ ಹೆಗಲು ನೋಯಲು ಶುರುವಾಗುತ್ತದೆ ಅನ್ನುವುದರಿಂದ ತಿಳಿದುಕೊಂಡೆ.

ಅಲ್ಲಿಂದ ಊರಿಗೆ ಬಂದಾಗ ನನ್ನನ್ನು ನೋಡಲು ರಾಯದುರ್ಗದಿಂದ ವಿರೂಪಾಕ್ಷಪ್ಪ ಬಂದರು. ತಂಗಿಗೆ ಗಂಡು ಹುಡುಕುತ್ತಿದ್ದ ಅಣ್ಣ. ಎಂಟು ಮಿಷನ್ನಿನ ಜೀನ್ಸ್ ಯೂನಿಟ್ಟಿನ ಯಜಮಾನ. ಮಡಕಶಿರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, "ಇಷ್ಟು ದಿನ ಎಲ್ಲಿದ್ರಿ?" ಅಂದರು. ಐಸ್ ಹೊರುತ್ತಿದ್ದೆ ಅನ್ನಲು ಮನಸ್ಸು ಬರಲಿಲ್ಲ. "ಎರಡು ವರ್ಷ ಕಡಲಾಗೆ ಇದ್ದೆ ಸಾ, ಮೀನಿನ ಕೆಲಸ" ಅಂದೆ. ಅವರು ಕೈಯಲ್ಲಿದ್ದ ಟೀ ಕೆಳಗಿಟ್ಟು ನನ್ನನ್ನು ಹೊಸದಾಗಿ ನೋಡಿದರು. "ಸಮುದ್ರಕ್ಕ ಅಂಜದವ್ರು ಯಾದಕ್ಕ ಅಂಜ್ತಾರ್ರಿ!" ಅಂದರು. ಮುಂದಿನ ತಿಂಗಳು ಲಕ್ಷ್ಮಿ ನನ್ನ ಹೆಂಡತಿಯಾದಳು, ಯೂನಿಟ್ಟಿನ ಕಟಿಂಗ್ ಟೇಬಲ್ ನನ್ನದಾಯಿತು. ಅಂದಿನಿಂದ ಬಟ್ಟೆ ಕೊಳ್ಳಲು ಬಂದ ಸೇಟು ಇರಲಿ, ಕರೆಂಟ್ ರಿಪೇರಿಯವನಿರಲಿ, ವಿರೂಪಾಕ್ಷಪ್ಪ ನನ್ನ ಬೆನ್ನು ತಟ್ಟಿ, "ನಮ್ ಭಾವಾರು ಸಮುದ್ರದಾಗ ಇದ್ದು ಬಂದಾರ್ರಿ" ಅನ್ನುವುದು ತಪ್ಪಲಿಲ್ಲ. ಆ ಮಾತು ಹೇಳುವಾಗ ಅವರ ಮುಖದಲ್ಲಿ ಕಾಣುವ ಹೆಮ್ಮೆಯಿಂದಾಗಿ ನಿಜ ಹೇಳುವ ಧೈರ್ಯ ವರ್ಷವರ್ಷಕ್ಕೂ ಕಡಿಮೆಯಾಗುತ್ತ ಹೋಯಿತು. ಹೇಳಿದರೆ ಕೆಲಸ ಹೋಗುತ್ತಿರಲಿಲ್ಲ, ಹೆಂಡತಿಯೂ ಹೋಗುತ್ತಿರಲಿಲ್ಲ. ಆ ಹೆಮ್ಮೆ ಹೋಗುತ್ತಿತ್ತು. ನನಗೆ ಅದೊಂದನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ.

ಹೀಗಿರುವಾಗ ವಿರೂಪಾಕ್ಷಪ್ಪನವರಿಗೆ ಮೊಬೈಲಿನಲ್ಲಿ ಮೀನು ಹಿಡಿಯುವ ವಿಡಿಯೋ ನೋಡುವ ಚಟ ಹತ್ತಿತು. ಒಂದು ದಿನ ಬಳ್ಳಾರಿಗೆ ಹೋದವರು ಉದ್ದನೆಯ ಗಾಳದ ಕೋಲು ತಂದು ನನ್ನ ಕಟಿಂಗ್ ಟೇಬಲ್ಲಿನ ಮೇಲಿಟ್ಟರು. "ಭಾವಾರ, ಬರೂ ಅಮಾಸಿಗೆ ಹೋಗಿಬಿಡೂಣು. ನೀವು ಹಿಡಿಯೂದು ನಾ ಕಣ್ಣಾರೆ ನೋಡಬೇಕ್ರಿ." ಯೂನಿಟ್ಟಿಗೆ ಅಮಾವಾಸ್ಯೆಯೊಂದೇ ರಜೆ. ಅವತ್ತು ಮಿಷನ್ನುಗಳನ್ನು ಒರೆಸಿ, ನಿಂಬೆಹಣ್ಣು ಕೊಯ್ದು, ಕಾಯಿ ಒಡೆದು ಬಾಗಿಲು ಹಾಕಿದರೆ ಮುಗಿಯಿತು. ಮಿಕ್ಕಂತೆ ನಮ್ಮಲ್ಲಿ ವಾರಗಳೇ ಇಲ್ಲ. ಭಾನುವಾರ, ಬುಧವಾರ ಎಲ್ಲ ಒಂದೇ ಬಣ್ಣದ ಬಟ್ಟೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಕಾಲ ನಡೆಯುತ್ತದೆ.

ತಪ್ಪಿಸಿಕೊಳ್ಳಲು ನನಗಿದ್ದ ದಾರಿ ಒಂದೇ, ನನ್ನ ವಿದ್ಯೆ. ಆಷಾಢ, ಶ್ರಾವಣಕ್ಕೆ ಮಳೆಗಾಲದ ಕಡಲು, ಹತ್ತಿರ ಸುಳಿಯುವಂತಿಲ್ಲ ಅಂದೆ. ಭಾದ್ರಪದಕ್ಕೆ ಹೊಳೆಯ ಕೆಂಪು ನೀರು ಇನ್ನೂ ಇಳಿದಿಲ್ಲ, ಮೀನಿಗೆ ಗಾಳ ಕಾಣುವುದಿಲ್ಲ ಅಂದೆ. ದೀಪಾವಳಿ ಅಮಾವಾಸ್ಯೆಗೆ ಅವರೇ ಬರುವಂತಿರಲಿಲ್ಲ. ಕಾರ್ತಿಕದಲ್ಲಿ ಟಿವಿಯವರು ಚಂಡಮಾರುತವೊಂದನ್ನು ಕಳಿಸಿ ನನ್ನ ಮಾನ ಕಾಪಾಡಿದರು. ಅದು ಇನ್ನೊಂದು ಕಡಲಿನದು ಅನ್ನುವುದನ್ನು ನಾನು ಬಾಯಿ ಬಿಡಲಿಲ್ಲ. ಮಾರ್ಗಶಿರಕ್ಕೆ ಎಳ್ಳಮಾವಾಸ್ಯೆ ಊಟ ಬಂತು. ವಿಚಿತ್ರವೆಂದರೆ, ಒಂದೊಂದು ನೆಪಕ್ಕೂ ಭರತ, ಗಾಳಿ, ನೀರಿನ ಬಣ್ಣ ಎಲ್ಲ ವಿವರಿಸಿ ವಿವರಿಸಿ, ಯಾವ ದಿನ ಹೋದರೆ ಸರಿ ಅನ್ನುವುದನ್ನೂ ನಾನೇ ಅವರಿಗೆ ಕಲಿಸಿಬಿಟ್ಟಿದ್ದೆ. ಪುಷ್ಯ ಬಂದಾಗ ಅವರು ಬೆರಳು ಮಡಚಿ ಕೇಳಿದರು: "ಮಳಿ ಇಲ್ಲ. ಹೊಳಿ ನೀರು ತಿಳಿ ಆಗೇತಿ. ಚಳಿಗಾಲದಾಗ ಬೆಳಿಗ್ಗಿ ಗಾಳಿ ನೆಲದ ಕಡಿಂದ ಬೀಸ್ತೈತಿ, ಕಡಲು ಸುಮ್ನಿರ್ತೈತಿ ಅಂತ ನೀವ ಹೇಳೀರಿ. ಮತ್ತ್ಯಾಕ ತಡ?"

ನನ್ನ ನೆಪಗಳೆಲ್ಲ ಮುಗಿದಿದ್ದವು. ಪ್ಯಾಂಟಿನ ಅಳತೆ ಕತ್ತರಿಸುವ ಕಂದು ಕಾಗದವನ್ನು ಹಾಸಿ, ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಆರಕ್ಕೆ ನೀರು ತಳದಲ್ಲಿ. ಏಳರಿಂದ ಏರು. ಎಂಟಕ್ಕೆ ಗಾಳ ನೀರಿಗೆ. ಹನ್ನೊಂದಕ್ಕೆ ಕಡಲ ಗಾಳಿ ಏಳುತ್ತದೆ, ಗಾಳ ಮೇಲಕ್ಕೆ. ಹನ್ನೊಂದೂವರೆಗೆ ಭರತ ಪೂರ್ಣ. ನೀರು ಏರಿ ಇಳಿಯುವ ಗೆರೆಯನ್ನು ಪ್ಯಾಂಟಿನ ಸೀಟಿಗೆ ಬಳಸುವ ಬಾಗಿದ ಪಟ್ಟಿಯಿಟ್ಟು ಎಳೆದೆ. ನೋಡಲು ಚೆನ್ನಾಗಿಯೇ ಇತ್ತು. ವಿರೂಪಾಕ್ಷಪ್ಪ ಅದನ್ನು ಗೋಡೆಗೆ ಅಂಟಿಸಿದರು. ಲಕ್ಷ್ಮಿ ಊಟದ ಡಬ್ಬಿ ಕೊಡಲು ಬಂದಾಗಲೆಲ್ಲ ಅದರ ಮುಂದೆ ನಿಂತು ಓದುತ್ತಿದ್ದಳು. ಗಂಡನ ವಿದ್ಯೆಯ ಮೇಲೆ ಅಭಿಮಾನ ಅಂದುಕೊಂಡೆ.

ಅಮಾವಾಸ್ಯೆಯ ಹಿಂದಿನ ಸಂಜೆ ಮೂವರು ಟೆಂಪೋದಲ್ಲಿ ಹೊರಟೆವು. ನಾನು, ವಿರೂಪಾಕ್ಷಪ್ಪ, ಮತ್ತು ಯೂನಿಟ್ಟಿನ ಇಸ್ತ್ರಿ ಮಾಸ್ಟರ್ ಇಮಾಮ್ ಸಾಬ್. ಟೆಂಪೋ ಅವನದೇ. ಮಾರನೆಯ ಬೆಳಗಿನ ಮಿಷನ್ ಪೂಜೆಯನ್ನು ವಿರೂಪಾಕ್ಷಪ್ಪ ಲಕ್ಷ್ಮಿಗೆ ಒಪ್ಪಿಸಿದ್ದರು.

ಬೆಳಿಗ್ಗೆ ಏಳಕ್ಕೆ ನನ್ನ ಹಳೆಯ ಬಂದರಿನ ಅಳಿವೆಯ ಬಂಡೆಗಳ ಮೇಲೆ ನಿಂತಿದ್ದೆವು. ನನಗೇ ನಂಬಿಕೆ ಬರಲಿಲ್ಲ. ನೀರು ಆಗಷ್ಟೇ ತಿರುಗಿತ್ತು. ಹೊಳೆಯ ಕಡೆ ಮುಖ ಮಾಡಿ ನೊರೆ ನಿಧಾನವಾಗಿ ಒಳಗೆ ಬರುತ್ತಿತ್ತು. ಗಾಳಿ ಬೆನ್ನ ಹಿಂದಿನಿಂದ, ನೆಲದ ಕಡೆಯಿಂದ. ಹದಿನಾಲ್ಕು ವರ್ಷದ ಹಿಂದೆ ಹೆಗಲು ಕಲಿತದ್ದು ಒಂದು ಗಳಿಗೆಯೂ ತಪ್ಪಿರಲಿಲ್ಲ. ಇಮಾಮ್ ಸಾಬ್, "ಏನ್ ಲೆಕ್ಕಾನ್ರಿ ಮಾಸ್ಟರ್, ಸಮುದ್ರಾನ ಕತ್ರಿಸಿಟ್ಟೀರಲ್ರಿ!" ಅಂದ. ಹೆಮ್ಮೆಯಾಯಿತು. ಅದರ ಬೆನ್ನಿಗೇ ಭಯವೂ ಆಯಿತು. ಆ ಕೋಲನ್ನು ಬೀಸುವುದು ಹೇಗೆ, ದಾರ ಬಿಡುವುದು ಹೇಗೆ, ನನಗೆ ಸುತರಾಂ ಗೊತ್ತಿರಲಿಲ್ಲ. ಅದೂ ಸಾಲದೆ ಬಂಡೆಯ ತುದಿಗೆ ಹೋಗಿ ನಿಲ್ಲಬೇಕು, ಕೆಳಗೆ ನೀರು.

ಎಂಟಕ್ಕೆ ಸರಿಯಾಗಿ ವಿರೂಪಾಕ್ಷಪ್ಪ ಎರೆಗೆಂದು ಕೊಂಡಿದ್ದ ಸಿಗಡಿಯನ್ನು ಕೊಕ್ಕೆಗೆ ಚುಚ್ಚಲು ಕೈಗೆತ್ತಿಕೊಂಡರು. "ನೀವ ಮೊದಲ ಬೀಸ್ಬೇಕ್ರಿ ಭಾವಾರ" ಅಂತ ಕೋಲನ್ನು ನನ್ನ ಕಡೆ ಚಾಚಿದರು. ಆಗ ಅವರ ಮೊಬೈಲು ಬಡಿದುಕೊಂಡಿತು. ಇಮಾಮ್ ಸಾಬ್ ಅದನ್ನು ತೆಗೆದು ಅವರ ಕಿವಿಗೆ ಹಿಡಿದ. ಲಕ್ಷ್ಮಿಯ ಧ್ವನಿ ನನಗೂ ಕೇಳುತ್ತಿತ್ತು.

"ಅಣ್ಣ, ಪೂಜಿ ಆತು. ನೀ ಏನರ ತಿಂದಿಯೇನು? ಇವತ್ತು ಸೋಮವಾರ ಐತಿ, ಹೊರಗ ನೋಡ್ಕೊಂಡು ತಿನ್ನು."

ವಿರೂಪಾಕ್ಷಪ್ಪ ಸೋಮವಾರ ಹಿಡಿದವರು. ಅಮಾವಾಸ್ಯೆಗೆ ಅವರ ಮನೆಯಲ್ಲಿ ಕೋಳಿ ಬೇಯುವುದುಂಟು, ಆದರೆ ಸೋಮವಾರ ಮಾಂಸದ ಪಾತ್ರೆಯನ್ನೂ ಮುಟ್ಟುವುದಿಲ್ಲ. ಪ್ರತಿ ವಾರ ಅದನ್ನು ನೆನಪಿಡುವ ಕೆಲಸ ಅವರ ಹೆಂಡತಿಯದು. ನಾವೋ ಆರೇಳು ತಿಂಗಳಿಂದ ತಿಥಿ ನೋಡಿದೆವು, ಗಾಳಿ ನೋಡಿದೆವು, ನೀರು ನೋಡಿದೆವು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕಿಯನ್ನೇ ಹುಡುಕಿದವರು, ಅದು ಯಾವ ವಾರದ ಕೆಳಗಿದೆ ಅಂತ ಕಣ್ಣೆತ್ತಿ ನೋಡಿರಲಿಲ್ಲ. ಅವರ ಕೈಯಿಂದ ಸಿಗಡಿ ಬಿತ್ತು. "ಶಿವ ಶಿವಾ" ಅಂತ ಉಪ್ಪು ನೀರಿನಲ್ಲೇ ಕೈ ತೊಳೆದುಕೊಂಡು ಕೂತುಬಿಟ್ಟರು. ಆಮೇಲೆ ಕೋಲಿನ ಕಡೆ ಕೈ ತೋರಿಸಿ, "ಹೋಗ್ಲಿ ಬಿಡ್ರಿ. ನೀವು ಹಿಡೀರಿ, ನಾ ನೋಡ್ತೀನಿ" ಅಂದರು.

ಹೇಡಿಗೆ ಬುದ್ಧಿ ಬಹಳ ಬೇಗ ಓಡುತ್ತದೆ. "ಇಲ್ಲ ಭಾವ, ನೀವೇ ಮುಟ್ಟದಿದ್ದ ಮೇಲೆ ನಾನು ಹೆಂಗೆ ಮುಟ್ಲಿ? ಇವತ್ತಿನಿಂದ ನಾನೂ ಸೋಮವಾರ ಹಿಡಿದೆ" ಅಂದೆ. ವಿರೂಪಾಕ್ಷಪ್ಪನವರ ಕಣ್ಣಲ್ಲಿ ನೀರೇ ಬಂತು. ನನ್ನ ಎರಡೂ ಕೈ ಹಿಡಿದುಕೊಂಡರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ನನ್ನ ಬಗ್ಗೆ ನಿಜವಾಗಿ ನಾಚಿಕೆಯಾಯಿತು.

ಗಾಳ ಇಮಾಮ್ ಸಾಬನ ಕೈಗೆ ಹೋಯಿತು. ಅವನಿಗೂ ಏನೂ ಗೊತ್ತಿರಲಿಲ್ಲ, ಆದರೆ ಗೊತ್ತಿದೆ ಅಂತ ಅವನು ಯಾರಿಗೂ ಹೇಳಿರಲಿಲ್ಲವಾದ್ದರಿಂದ ಆರಾಮಾಗಿ ಬೀಸಿದ. ನಾಲ್ಕು ಸಲ ಬಂಡೆಗೆ ಸಿಕ್ಕಿಸಿ, ಐದನೆಯ ಸಲಕ್ಕೆ ಮೀನೆತ್ತಿದ. ಏರುವ ನೀರಿನ ಜೊತೆ ಒಂದಾದ ಮೇಲೊಂದು ಆರು ಕಾಣೆ ಮೀನು ಬಂದವು. ಹನ್ನೊಂದಕ್ಕೆ ಕಡಲ ಗಾಳಿ ಎದ್ದು ಅವನ ಟೋಪಿ ಹಾರಿಸಿಕೊಂಡು ಹೋಯಿತು. ಅಲ್ಲಿಂದ ಒಂದೂ ಕಚ್ಚಲಿಲ್ಲ. ಎಲ್ಲ ಕಂದು ಕಾಗದದಲ್ಲಿ ಬರೆದ ಹಾಗೆಯೇ. ಊರಿಗೆ ಬಂದ ಮೇಲೆ ವಿರೂಪಾಕ್ಷಪ್ಪ ಎಲ್ಲರಿಗೂ ಹೇಳಿದರು: "ಗಾಳ ಮುಟ್ಟಲಿಲ್ರಿ ನಮ್ ಭಾವಾರು. ದೂರ ಕುಂತ ಮೀನು ತರಿಸಿದ್ರು. ಮ್ಯಾಲ ಸೋಮವಾರದ ನೇಮ ಬ್ಯಾರೆ!" ಮೊದಲ ಸುಳ್ಳಿಗೆ ಕಡಲು ಬೇಕಿತ್ತು, ಅದು ದೂರವಿತ್ತು. ಎರಡನೆಯದು ವಾರಕ್ಕೊಮ್ಮೆ ಮನೆ ಬಾಗಿಲಿಗೇ ಬರುತ್ತದೆ.

ಅವತ್ತು ಮನೆಗೆ ಬಂದವನು ಲಕ್ಷ್ಮಿಯ ಮುಂದೆ ಸುಮ್ಮನೆ ರೇಗಿದೆ. "ಸೋಮವಾರ ಅಂತ ಮೊದಲೇ ಹೇಳಾಕೆ ಏನಾಗಿತ್ತು ನಿನಗೆ?"

"ಎಂಟಕ್ಕ ಗಾಳ ನೀರಿಗೆ ಅಂತ ನೀವ ಬರೆದಿದ್ರಿ, ಅದ ಹೊತ್ತಿಗೆ ಫೋನ್ ಮಾಡಿದೆ. ಮೊದಲ ಹೇಳಿದ್ರ ಅಣ್ಣ ಮುಂದಿನ ಅಮಾಸಿಗೆ ಕರಕೊಂಡು ಹೋಗ್ತಿದ್ದ. ಆವಾಗ ಏನ್ಮಾಡ್ತಿದ್ರಿ?" ರಾಗಿ ಹಿಟ್ಟು ಜರಡಿ ಹಿಡಿಯುತ್ತಲೇ ಹೇಳಿದಳು. "ಬಾವ್ಯಾಗ ಬಗ್ಗಿ ನೋಡಾಕ ಅಂಜೋ ಗಂಡಸು ಸಮುದ್ರದಾಗ ದೋಣಿ ಹತ್ತಿದ್ರು ಅಂತ ನಾ ನಂಬಿದ್ದೆ ಅಂತ ಮಾಡೀರೇನು? ಮದುವ್ಯಾದ ವಾರದಾಗ ತಿಳೀತು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ಅಣ್ಣ ಹಂಗ ಹೇಳ್ಕೋತ ತಿರುಗಾಡೋದು ಚಂದ ಕಾಣ್ತಿತ್ರಿ." ಜರಡಿ ನಿಲ್ಲಿಸಿದಳು. "ಅವಂಗ ತೋರಿಸಿದ್ರಿ, ಇಮಾಮಣ್ಣಗ ತೋರಿಸಿದ್ರಿ. ನಂಗ ಯಾವಾಗ ಸಮುದ್ರ ತೋರಿಸ್ತೀರಿ?"

ನನಗೆ ಒಮ್ಮೆಲೇ ಹೊಳೆಯಿತು, ಕಡಲ ಪಂಡಿತನ ಹೆಂಡತಿ ಹನ್ನೆರಡು ವರ್ಷದಲ್ಲಿ ಕಡಲನ್ನೇ ನೋಡಿಲ್ಲ. ಅಭ್ಯಾಸಬಲದಿಂದ ಗೋಡೆಯ ಕ್ಯಾಲೆಂಡರಿಗೆ ಕೈ ಹಾಕಿ, "ಭರತ ನೋಡ್ಬೇಕು, ಗಾಳಿ..." ಅಂತ ಶುರು ಮಾಡಿದೆ.

"ನೀರು ಏರಿದ್ರೇನು, ಇಳಿದ್ರೇನ್ರಿ? ನಂಗೇನು ಮೀನು ಹಿಡಿಯೋದೈತೇನು? ದಂಡಿ ಮ್ಯಾಲ ಕುಂದ್ರೂಣು, ಅಷ್ಟ" ಅಂದಳು.

ಭರತ, ಇಳಿತ, ಗಾಳಿ, ನೀರಿನ ಬಣ್ಣ, ಯಾವುದೂ ಅಡ್ಡ ಬರದ ಪ್ರವಾಸ. ದಂಡೆಯ ಮೇಲೆ ಕೂರುವುದು ನನಗೆ ನಿಜವಾಗಿ ಬರುವ ವಿದ್ಯೆ. ಆದರೂ ಕಂದು ಕಾಗದ ಹಾಸಿಕೊಂಡು, ಸೀಮೆಸುಣ್ಣ ಹಿಡಿದು ಕೂತಿದ್ದೇನೆ. ಬರೆಯಲು ಏನೂ ಹೊಳೆಯುತ್ತಿಲ್ಲ, ಅವಳು ಬಟ್ಟೆ ತುಂಬಿಟ್ಟ ಚೀಲ ಬಾಗಿಲ ಹತ್ತಿರವೇ ಇದೆ.