ಎರಡು ಕಪ್ಪೆಗಳ ಬಿಡಾರ, ಒಬ್ಬ ಮಾಸ್ತರನ ಸಿಟ್ಟು

ಇವತ್ತು ಸಿಟ್ಟು ಮಾಡಬಾರದು ಎಂದು ನಾನು ದಿನಾ ಬೆಳಿಗ್ಗೆ ನಿರ್ಧರಿಸುತ್ತೇನೆ. ಹತ್ತು ಗಂಟೆಯೊಳಗೆ ಯಾರಾದರೂ ಬಂದು ಅದನ್ನು ಕೆಡಿಸಿ ಹೋಗುತ್ತಾರೆ. ಅದರಲ್ಲೂ ನಾನು ಕಪ್ಪೆ ಸಾಕಿದ ಆ ಆರೇಳು ತಿಂಗಳಿದೆಯಲ್ಲ, ಆಗ ಕೆಡಿಸುವವರು ಸರದಿ ಹಚ್ಚಿ ಬರುತ್ತಿದ್ದರು.

ಗಜೇಂದ್ರಗಡದ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮಾಸ್ತರ. ಹದಿನೆಂಟು ವರ್ಷ ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸಿದೆ. ಮಳೆಗಾಲದಲ್ಲಿ ಹಿಡಿದು ತಂದ ಕಪ್ಪೆಗಳು ಕಾಲೇಜಿನ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಇರುತ್ತಿದ್ದವು. ಚಳಿಗಾಲ ಮುಗಿಯುವುದರೊಳಗೆ ತೊಟ್ಟಿ ಖಾಲಿ. ಆ ವರ್ಷ ಮಾತ್ರ ಇನ್ನು ಕೊಯ್ಯುವುದು ಬೇಡ, ಚಿತ್ರ ತೋರಿಸಿದರೆ ಸಾಕು ಎಂದು ಮೇಲಿನಿಂದ ಆದೇಶ ಬಂತು. ತೊಟ್ಟಿಯಲ್ಲಿ ಎರಡು ದೊಡ್ಡ ಕಪ್ಪೆಗಳು ಉಳಿದಿದ್ದವು. ಹೊರಗೆ ಬಿಡೋಣವೆಂದರೆ ಡಿಸೆಂಬರು, ಹಳ್ಳದಲ್ಲಿ ನೀರಿಲ್ಲ, ಎಲ್ಲೂ ಹಸಿ ನೆಲವಿಲ್ಲ. ಇಷ್ಟು ವರ್ಷ ಕೊಂದದ್ದೇ ಆಯಿತು, ಈ ಎರಡನ್ನಾದರೂ ಮೊದಲ ದೊಡ್ಡ ಮಳೆಯ ತನಕ ಬದುಕಿಸಿ ನೀರಿಗೆ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ಆಣೆ ಮಾಡಿದವನು ನಾನು, ಊರಿನವರಲ್ಲ. ತೊಂದರೆ ಆದದ್ದೇ ಅಲ್ಲಿ.

ಬಲ್ಬು

ಪ್ರಯೋಗಾಲಯದ ಮೂಲೆಯಲ್ಲಿ ಬಿದ್ದಿದ್ದ ಗಾಜಿನ ಪೆಟ್ಟಿಗೆಯನ್ನು ತೊಳೆದೆ. ಒಳಗೆ ನಾಲ್ಕು ಬೆರಳು ಹಸಿ ಮಣ್ಣು, ಒಂದು ತಟ್ಟೆಯಲ್ಲಿ ನೀರು, ಅಡಗಿ ಕೂರಲು ಒಡೆದ ಗಡಿಗೆಯ ಚೂರು. ಚಳಿ ಬಿದ್ದರೆ ಕಪ್ಪೆ ಮೇವು ಬಿಡುತ್ತದೆ. ಹೊಲದಲ್ಲಾದರೆ ಮಣ್ಣಿನ ಆಳಕ್ಕೆ ಇಳಿದು ಮಲಗುತ್ತದೆ, ನಾಲ್ಕು ಬೆರಳು ಮಣ್ಣಿನಲ್ಲಿ ಎಲ್ಲಿಗೆ ಇಳಿಯಬೇಕು? ಅದಕ್ಕೆ ಪೆಟ್ಟಿಗೆಯ ಒಂದು ಮಗ್ಗುಲಿಗೆ, ಹೊರಗಿನಿಂದ, ನಲವತ್ತು ವ್ಯಾಟಿನ ಬಲ್ಬು ಹಚ್ಚಿದೆ. ಬಿಸಿ ಬೇಕಾದರೆ ಇತ್ತ ಬರಲಿ, ಸಾಕಾದರೆ ಅತ್ತ ಹೋಗಲಿ.

ಮೂರನೆಯ ದಿನ ಬಲ್ಬು ಮಾಯ. ಕಾಲೇಜಿನ ಶಿಪಾಯಿಯನ್ನು ಕರೆದು ಕೇಳಿದೆ.

"ಪ್ರಿನ್ಸಿಪಾಲರ ಪಾಯಖಾನಿ ಬಲ್ಬ್ ಹೋಗಿತ್ರಿ. ಅಲ್ಲಿಗೆ ಹಾಕೀನಿ," ಎಂದ.

"ಚಳಿಗೆ ಕಪ್ಪಿ ಸಾಯ್ತಾವಲ್ಲೋ."

"ಕಪ್ಪಿ ಕತ್ತಲದಾಗ ಇರತಾವ್ರಿ ಸರ್. ಪ್ರಿನ್ಸಿಪಾಲರು ಕತ್ತಲದಾಗ ಕುಂದರಂಗಿಲ್ಲ."

ಅವನ ಮೇಲೂ ಪ್ರಿನ್ಸಿಪಾಲರ ಮೇಲೂ ಹರಿಹಾಯ್ದೆ. ಅದರ ಫಲವಾಗಿ ಮರುದಿನ ಪೆಟ್ಟಿಗೆಯ ಪಕ್ಕ ಹೊಚ್ಚಹೊಸ ದೀಪ ಉರಿಯುತ್ತಿತ್ತು. ಕರೆಂಟು ಉಳಿಸುವ ಬಿಳಿ ಸಿ.ಎಫ್.ಎಲ್. ದೀಪಗಳು ಆಗಷ್ಟೇ ಎಲ್ಲ ಕಡೆ ಬರತೊಡಗಿದ್ದ ಕಾಲ ಅದು. ಬೆಳಕು ಕಣ್ಣು ಕುಕ್ಕುವಂತಿತ್ತು, ಗಾಜು ಮುಟ್ಟಿದರೆ ತಣ್ಣಗೆ. ಎರಡೂ ಕಪ್ಪೆಗಳು ಗಡಿಗೆ ಚೂರಿನ ಹಿಂದೆ ಒಂದರ ಮೇಲೊಂದು ಮುದುಡಿ ಕೂತಿದ್ದವು. ನನಗೆ ನಖಶಿಖಾಂತ ಉರಿಯಿತು.

"ನನಗ ಬೆಳಕು ಬ್ಯಾಡೋ ಮಾರಾಯಾ, ಬಿಸಿ ಬೇಕು, ಬಿಸಿ," ಎಂದು ಅರಚಿದೆ.

ಶಿಪಾಯಿ ಕೆಂಪೇರಿದ ನನ್ನ ಮುಖ ನೋಡಿದ. "ಹಂಗಾರ ನೀವ ಪೆಟಗಿ ಬಾಜೂಕ ಒಂದ್ ತಾಸು ಕುಂದರ್ರಿ ಸರ್. ಬಲ್ಬ್ ಯಾಕ ಬೇಕು?"

ತತ್ತಿಯ ಟ್ರೇ

ಅವತ್ತೇ ಪೆಟ್ಟಿಗೆಯನ್ನು ನನ್ನ ಬಾಡಿಗೆ ಮನೆಗೆ ಸಾಗಿಸಿದೆ. ನಾನು ಒಂಟಿ ಮನುಷ್ಯ, ಕೇಳುವವರಿಲ್ಲ ಎಂದುಕೊಂಡಿದ್ದೆ. ಪಕ್ಕದಲ್ಲೇ ವಾಸವಿದ್ದ ಮನೆ ಒಡತಿ ಅಜ್ಜಿಯನ್ನು ಮರೆತಿದ್ದೆ. ಪೂಜೆ ಪುನಸ್ಕಾರದ ಹೆಂಗಸು. ಮನೆ ಕೊಡುವಾಗಲೇ ನೀರುಳ್ಳಿ ತಿಂದರೆ ಅಡ್ಡಿಯಿಲ್ಲ, ಕೋಳಿ ತತ್ತಿ ಮಾತ್ರ ಹೊಸ್ತಿಲು ದಾಟಬಾರದು ಎಂದು ಹೇಳಿದ್ದರು.

ಕಪ್ಪೆಗೆ ಸತ್ತದ್ದು ಬೇಡ, ಕಣ್ಣೆದುರು ಮಿಸುಕಾಡುವ ಹುಳವೇ ಆಗಬೇಕು. ಹಾಗಾಗಿ ಒಂದು ಗಡಿಗೆಯಲ್ಲಿ ಜೀರುಂಡೆ ಸಾಕಿದೆ. ಅವಕ್ಕೆ ಸಂದಿಗೊಂದಿ ಬೇಕು, ಇಲ್ಲದಿದ್ದರೆ ಒಂದನ್ನೊಂದು ಕಚ್ಚಿ ತಿನ್ನುತ್ತವೆ. ರಟ್ಟಿನ ತತ್ತಿ ಟ್ರೇಗಿಂತ ಒಳ್ಳೆಯ ಬಿಡಾರ ಇನ್ನೊಂದಿಲ್ಲ. ಇದೇ ಊರಿನಲ್ಲಿ ತಂದರೆ ಅಜ್ಜಿಯ ಕಿವಿಗೆ ಬೀಳುತ್ತದೆಂದು ರಜೆಯ ದಿನ ರೋಣಕ್ಕೆ ಹೋಗಿ ಆರು ಖಾಲಿ ಟ್ರೇ ತಂದೆ. ಬಸ್ಸಿನಲ್ಲಿ ಪೇಪರು ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಪೇಪರು ಜಾರಿತು. ಮುಂದಿನ ಸೀಟಿನಿಂದ ತಿರುಗಿ ನೋಡಿದವರು ಅಜ್ಜಿ.

ಮನೆ ಮುಟ್ಟಿದ್ದೇ ತಡ, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಮಾಸ್ತರ, ಆರು ಟ್ರೇ ತತ್ತಿ ಒಬ್ಬರ ತಿಂದ್ರೇನು?"

"ತತ್ತಿ ತಿಂದಿಲ್ರಿ ಅವ್ವಾರ. ಬರೇ ಟ್ರೇ ತಂದೀನಿ. ಹುಳಕ್ಕ."

"ಹುಳಾ ಯಾಕ?"

"ಕಪ್ಪಿಗೆ ತಿನ್ಸಾಕ."

"ಕಪ್ಪಿ ಯಾಕ?"

ನಾನು ಸಿಟ್ಟಿನಲ್ಲೇ ಅವರನ್ನು ಒಳಗೆ ಕರೆದುಕೊಂಡು ಹೋಗಿ ಗಡಿಗೆ, ಪೆಟ್ಟಿಗೆ ಎಲ್ಲ ತೋರಿಸಿದೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡೂ ಕಪ್ಪೆಗಳನ್ನು ಸಾವಕಾಶ ನೋಡಿದರು.

"ಮಂದಿ ಕೇಳಿದ್ರ ನಾ ಮಾಸ್ತರ ತತ್ತಿ ತಿಂತಾರ ಅಂತನ ಹೇಳ್ತೀನಿ. ಅದರಾಗ ಸ್ವಲ್ಪರ ಮರ್ಯಾದಿ ಐತಿ."

ತಗಡಿನ ಮನೆ

ನಾಲ್ಕು ದಿನಕ್ಕೆ ಜೀರುಂಡೆಗಳು ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಕಡಿದು ಅಜ್ಜಿಯ ದೇವರ ಕೋಣೆ ಸೇರಿದವು. ಅವರು ಮಂತ್ರ ಹೇಳಿದಾಗ ಅವೂ ಹೇಳುತ್ತಿದ್ದವು. ಮನೆ ಖಾಲಿ ಮಾಡಿಸುವ ಮಾತು ಬಂದಾಗ ನಾನು ಪೇಟೆಯ ತಗಡಿನ ಕೆಲಸದ ಚಾಚಾನ ಅಂಗಡಿಗೆ ಓಡಿದೆ. ಬಕೆಟ್ಟು, ಡಬ್ಬಿ, ಒಲೆ, ಏನು ಕೇಳಿದರೂ ಮಾಡಿಕೊಡುವ ಕೈ ಅವರದು.

ಎರಡು ಖಾನೆಯ ಪೆಟ್ಟಿಗೆ, ಒಂದರಲ್ಲಿ ಕಪ್ಪೆ, ಒಂದರಲ್ಲಿ ಹುಳ, ಮೇಲೆ ಸಣ್ಣ ಜಾಳಿಗೆಯ ಮುಚ್ಚಳ ಎಂದು ವಿವರಿಸಿದೆ. ಬರುವಾಗ ನನ್ನ ಬಾಯಿ ಸುಮ್ಮನಿರದೆ, "ಚಾಚಾ, ಕರೆಂಟ್ ಹೋದ್ರೂ ಒಳಗ ಬೆಚ್ಚಗ ಇರಬೇಕ್ರಿ," ಎಂದೂ ಹೇಳಿದೆ.

ವಾರದ ನಂತರ ಹೋದರೆ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು. ಮುಚ್ಚಳ ಸರಿಯಾಗಿ ಕೂತಿತ್ತು, ಜಾಳಿಗೆ ಸಣ್ಣದೇ ಇತ್ತು. ಕಪ್ಪೆಯ ಖಾನೆಯ ಕೆಳಗೆ ಮಾತ್ರ ಎಳೆದು ತೆಗೆಯುವ ಒಂದು ಡ್ರಾವರು. ಒಳಗೆ ತೂತಿನ ತಗಡು.

"ಇದೇನ್ ಚಾಚಾ?"

"ಕೆಂಡ ಹಾಕಾಕ್ರಿ. ಕರೆಂಟಿನ ಹಂಗು ಇಲ್ಲ."

ಪೇಟೆಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. "ಇದರ ಮ್ಯಾಲ ಅರ್ಧ ತಾಸು ಇಟ್ರ ಅವಕ್ಕ ಉಪ್ಪು ಖಾರ ಹಚ್ಚೂದೊಂದ ಬಾಕಿ!"

ಚಾಚಾ ಸುತ್ತಿಗೆ ಕೆಳಗಿಟ್ಟು ಬಹಳ ಸಮಾಧಾನದಿಂದ ಹೇಳಿದರು. "ಅದು ನಿಮಗ ಬಿಟ್ಟದ್ದು ಸರ್. ಅಡಗಿ ನಮಗ ತಿಳಿಯಂಗಿಲ್ಲ, ನಮ್ದು ತಗಡಿನ ಕೆಲಸ."

ಡ್ರಾವರಿನಲ್ಲಿ ಕೆಂಡದ ಬದಲು ಬಿಸಿನೀರಿನ ಬಾಟಲಿ ಇಟ್ಟೆ. ಒಪ್ಪಲು ಹೊಟ್ಟೆ ಉರಿಯುತ್ತದೆ, ಆದರೆ ಕಪ್ಪೆಗಳು ಆ ಚಳಿಗಾಲವನ್ನು ಚಾಚಾನ ಡ್ರಾವರಿನ ಮೇಲೆಯೇ ಕಳೆದವು.

ಬೀಗರು

ಜೂನ್ ಬಂತು, ಮಳೆ ಬರಲಿಲ್ಲ. ಹಸಿ ಗೋಣಿ ಹೊದಿಸಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿ ಕಪ್ಪೆಗಳನ್ನು ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಅಜ್ಜಿಯ ಅಣ್ಣ ತಮ್ಮ ಹಳ್ಳಿ ಲಕ್ಕಲಕಟ್ಟಿಯಿಂದ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಆ ಊರಿನ ಹಿರಿಯ, ತಲೆಗೆ ಬಿಳಿ ಪಟಕ ಸುತ್ತಿದ ಮನುಷ್ಯ.

"ಮಳಿಗೆ ಕಪ್ಪಿ ಮದ್ವಿ ಮಾಡಬೇಕಾಗೇತ್ರಿ ಸರ್. ಸುತ್ತ ಹಳ್ಯಾಗ ಒಂದ್ ಕಪ್ಪಿ ಸಿಗವಲ್ದು. ನಿಮ್ಮಲ್ಲಿ ಜೋಡಿನ ಐತಿ ಅಂತ ನಮ್ಮ ತಂಗಿ ಹೇಳಿದ್ಲು."

ಮಂದಿಗೆ ತತ್ತಿಯ ಸುದ್ದಿ, ತವರಿಗೆ ಕಪ್ಪೆಯ ಸುದ್ದಿ. ನಾನು ಕೊಡುವುದಿಲ್ಲ ಎಂದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅರಿಷಿಣ ಕುಂಕುಮ ಬಳಿದು ಬಿಸಿಲಲ್ಲಿ ಮೆರೆಸಿದರೆ ಮಳೆ ಬರುವ ಮೊದಲೇ ಸಾಯುತ್ತದೆ ಎಂದು ಒಂದು ಪಾಠವನ್ನೇ ಮಾಡಿದೆ. ಹಿರಿಯರು ಕೊನೆಯ ತನಕ ಕೇಳಿ, "ಹಂಗಾರ ನೀವ ಹಿಡ್ಕೊಂಡ ಬರ್ರಿ," ಎಂದರು. ಅರಿಷಿಣ ಹಚ್ಚಬಾರದು, ನನ್ನ ಕೈಯಿಂದ ತೆಗೆಯಬಾರದು, ಮುಗಿದ ಕೂಡಲೇ ಹೊರಡುತ್ತೇನೆ ಎಂದು ಮೂರು ಕರಾರು ಹಾಕಿ ಹೋದೆ. ಸ್ವಂತ ಮದುವೆಗೆ ಕೂರದ ನಾನು ಎರಡು ಕೈಯಲ್ಲಿ ಎರಡು ಹಸಿ ಬಟ್ಟೆ, ಅದರಲ್ಲಿ ಎರಡು ಕಪ್ಪೆ ಹಿಡಿದು ಮಂಟಪದಲ್ಲಿ ಕೂತೆ.

"ಹೆಣ್ಣು ಯಾವ್ದ್ರಿ ಸರ್? ಬಾಸಿಂಗ ತೋರಸಬೇಕು," ಎಂದು ಹಿರಿಯರು ಕಿವಿಯಲ್ಲಿ ಕೇಳಿದರು.

ನನಗೆ ಸುಳ್ಳು ಬರುವುದಿಲ್ಲ. "ಯಾವ್ದೂ ಅಲ್ಲ. ಗಂಟಲ ಕೆಳಗ ಕರೇ ಸುಕ್ಕು ನೋಡ್ರಿ. ಎರಡೂ ಗಂಡು."

ಹಿರಿಯರು ಸುಕ್ಕು ನೋಡಿದರು. ಸಾಲಾಗಿ ಕೂತ ಊರನ್ನು ನೋಡಿದರು. "ಊಟಕ್ಕ ಗೋದಿ ಹುಗ್ಗಿ ಆಗೇತಿ. ಈಗ ಬಾಯಿ ಮುಚ್ಕೊಂಡ ಕುಂದರ್ರಿ," ಎಂದು ಎಡಗಡೆಯ ಕಪ್ಪೆಗೆ ಬಾಸಿಂಗ ತೋರಿಸಿಬಿಟ್ಟರು. ಅಕ್ಕಿಕಾಳು ಕಪ್ಪೆಗಳಿಗಿಂತ ಹೆಚ್ಚು ನನ್ನ ಮೇಲೆ ಬಿದ್ದವು. ಹುಗ್ಗಿ ಉಣ್ಣದೆ ಸಿಟ್ಟಿನಿಂದ ಎದ್ದು ಬಂದೆ.

ಮೂರನೆಯ ದಿನ ಹೊಲದ ಒಡ್ಡು ಒಡೆಯುವಂಥ ಮಳೆ. ನೆನೆಯುತ್ತಲೇ ಕಪ್ಪೆಗಳನ್ನು ಲಕ್ಕಲಕಟ್ಟಿಯ ಹಳ್ಳಕ್ಕೆ ಒಯ್ದು ಬಿಟ್ಟೆ. ಒಂದು ಜಿಗಿತ, ಎರಡು ಜಿಗಿತ, ಹೋದವು. ತಿರುಗಿ ನೋಡಲಿಲ್ಲ. ಅಷ್ಟು ತಿಂಗಳು ಸಾಕಿದ್ದಕ್ಕೆ ಒಂದು ಸಲ ನೋಡಬಾರದೇ ಎಂದು ಅವುಗಳ ಮೇಲೂ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು, ಮಳೆ ಇತ್ತು, ಯಾರಿಗೂ ಕಾಣಲಿಲ್ಲ.

ಮರುವರ್ಷ ಜೂನಿನಲ್ಲಿ ಬಾಗಿಲು ತೆರೆದರೆ ಅದೇ ಬಿಳಿ ಪಟಕ. ಹಿಂದೆ ಒಬ್ಬ ಬಕೆಟ್ಟು ಹಿಡಿದು ನಿಂತಿದ್ದ. ಬಕೆಟ್ಟಿನಲ್ಲಿ ಏಳೆಂಟು ಕಪ್ಪೆಗಳು.

"ಈ ಸಲ ಕಪ್ಪಿ ನಾವ ತಂದೀವ್ರಿ ಸರ್. ನೀವು ಬರೇ ಆರಿಸಿ ಕೊಡ್ರಿ."

ನನ್ನ ಪಾಠ ಕೊನೆಗೂ ಒಬ್ಬರ ತಲೆಗೆ ಇಳಿಯಿತಲ್ಲ ಎಂದು ಖುಷಿಯಾಯಿತು. ಒಂದು ಗಂಡು, ಒಂದು ಹೆಣ್ಣು ಎತ್ತಿ ಮುಂದೆ ಹಿಡಿದೆ. ಹಿರಿಯರು ಎರಡೂ ಗಂಟಲನ್ನು ಬಗ್ಗಿ ನೋಡಿ ಹೆಣ್ಣನ್ನು ತೆಗೆದು ಮತ್ತೆ ಬಕೆಟ್ಟಿಗೆ ಹಾಕಿದರು.

"ಇದು ಬ್ಯಾಡ್ರಿ. ಗಂಡು ಹೆಣ್ಣು ಕೂಡಿಸಿ ಮದ್ವಿ ಮಾಡಿದ ವರ್ಷ ಬರೇ ಗಾಳಿ ಬೀಸಿ ಹೋಗೇತಿ. ಹ್ವಾದ ವರ್ಷದಂಗ ಎರಡೂ ಗಂಡ ಕೊಡ್ರಿ."